ಜೋಗೇಶ್ವರಿ ಡಿಪೋದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ: ನಿರಾಕರಿಸಿದ ಪರಿಹಾರ ಮತ್ತು ಮೊದಲ ಕಡತ

(ಜೋಗೇಶ್ವರಿಯಲ್ಲಿ ಸೇರಿದ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ಸಭೆ ನಡೆಯುತ್ತಿರುವ ಜೋಗೇಶ್ವರಿಗೂ ಭಾರತದ ಕಾರ್ಮಿಕ ನ್ಯಾಯಕ್ಕೂ ಒಂದು ಹಳೆಯ ನಂಟಿದೆ. ಇಲ್ಲಿಯೇ ಬಹುಕಾಲದಿಂದ ನೆಲೆಸಿದವರಲ್ಲಿಯೂ ಅದನ್ನು ಅರಿತವರು ವಿರಳ. 1957ರ ಜುಲೈ 20ರ ಸಂಜೆ ಬೆಸ್ಟ್ ಸಂಸ್ಥೆಯ ಬಸ್ ಚಾಲಕನೊಬ್ಬ ತನ್ನ ದಿನದ ಕೆಲಸವನ್ನು ಮುಗಿಸಿ, ಜೋಗೇಶ್ವರಿ ಡಿಪೋದಲ್ಲಿ ಬಸ್ಸನ್ನು ನಿಲ್ಲಿಸಿ, ಸಾಂತಾಕ್ರೂಜಿನ ತನ್ನ ಮನೆಗೆ ಹೋಗಲೆಂದು ಅದೇ ಸಂಸ್ಥೆಯ ಇನ್ನೊಂದು ಬಸ್ಸನ್ನು ಏರಿದನು. ಇಂದು ಎಸ್.ವಿ. ರೋಡ್ ಎಂದು ಕರೆಯಲ್ಪಡುವ ಅಂದಿನ ಘೋಡ್‌ಬಂದರ್ ರಸ್ತೆಯಲ್ಲಿ, ಅಂಧೇರಿಯ ಇರ್ಲಾ ಸೇತುವೆಯ ಬಳಿ, ರಸ್ತೆಗೆ ಓರೆಯಾಗಿ ನಿಂತಿದ್ದ ಲಾರಿಯೊಂದಕ್ಕೆ ಆ ಬಸ್ಸು ಡಿಕ್ಕಿ ಹೊಡೆಯಿತು. ಚಾಲಕನು ರಸ್ತೆಗೆ ಎಸೆಯಲ್ಪಟ್ಟನು. ಆರು ದಿನಗಳ ನಂತರ, ಜುಲೈ 26ರಂದು, ಆಸ್ಪತ್ರೆಯಲ್ಲಿ ತೀರಿಕೊಂಡನು.

ಅವನ ಪತ್ನಿಯು 1923ರ ಕಾರ್ಮಿಕರ ಪರಿಹಾರ ಕಾಯ್ದೆಯಡಿ ಮುಂಬಯಿಯ ಆಯುಕ್ತರ ಮುಂದೆ ಪರಿಹಾರವನ್ನು ಕೇಳಿದಳು. ಆಯುಕ್ತರು ಅರ್ಜಿಯನ್ನು ತಳ್ಳಿಹಾಕಿದರು. ಕಾಯ್ದೆಯ 3ನೆಯ ಸೆಕ್ಷನ್ನಿನ ಪ್ರಕಾರ ಅಪಘಾತವು ಉದ್ಯೋಗದ ಕಾರಣದಿಂದ ಹಾಗೂ ಉದ್ಯೋಗದ ಅವಧಿಯಲ್ಲಿ ಸಂಭವಿಸಿರಬೇಕು. ಚಾಲಕನು ಕೆಲಸವನ್ನು ಮುಗಿಸಿ ಮನೆಗೆ ಹೊರಟಿದ್ದನಾದ್ದರಿಂದ ಅವನು ಆ ಹೊತ್ತಿನಲ್ಲಿ ಬೆಸ್ಟ್‌ನ ನೌಕರನಾಗಿರದೆ ಬರಿಯ ಪ್ರಯಾಣಿಕನಾಗಿದ್ದನು ಎಂಬುದು ನಿರಾಕರಣೆಯ ತಿರುಳು. ಈ ಮಾತು ಮೇಲ್ನೋಟಕ್ಕೆ ಸರಿಯೆಂದೇ ತೋರುತ್ತದೆ. ಅಂಗಡಿಯ ಬಾಗಿಲು ಹಾಕಿದ ಮೇಲೆ ಮಾಲೀಕನಿಗೇನು ಸಂಬಂಧ ಎಂದು ಇಂದಿಗೂ ಅನೇಕರು ಕೇಳುವುದುಂಟು.

ವಿಧವೆಯು ಅಲ್ಲಿಗೆ ನಿಲ್ಲಲಿಲ್ಲ. ಮುಂಬಯಿ ಉಚ್ಚ ನ್ಯಾಯಾಲಯವು ಆಯುಕ್ತರ ನಿರ್ಣಯವನ್ನು ಪರಿಶೀಲಿಸಿ ಬೇರೆಯ ತೀರ್ಮಾನಕ್ಕೆ ಬಂದಿತು. ಬೆಸ್ಟ್ ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿಯನ್ನು ಒಯ್ದಿತು. 1963ರ ಮೇ 10ರಂದು ನ್ಯಾಯಮೂರ್ತಿ ಸುಬ್ಬಾರಾವ್ ಮತ್ತು ನ್ಯಾಯಮೂರ್ತಿ ಮುಧೋಳ್ಕರ್ ಅವರ ಬಹುಮತದ ತೀರ್ಪು ವಿಧವೆಯ ಪರವಾಗಿ ಬಂದಿತು. ನ್ಯಾಯಮೂರ್ತಿ ರಘುಬರ್ ದಯಾಳ್ ಭಿನ್ನಮತವನ್ನು ಬರೆದರು. ‘ಜನರಲ್ ಮ್ಯಾನೇಜರ್, ಬೆಸ್ಟ್ ಅಂಡರ್‌ಟೇಕಿಂಗ್ ವಿರುದ್ಧ ಶ್ರೀಮತಿ ಆಗ್ನೆಸ್’ ಎಂಬ ಹೆಸರಿನ ಈ ಪ್ರಕರಣವನ್ನು ಕಾರ್ಮಿಕ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಬಹುಮತದ ನ್ಯಾಯಮೂರ್ತಿಗಳು ಹಿಡಿದ ಎಳೆ ಬಹಳ ಸರಳವಾದುದು. ಬೆಸ್ಟ್ ಸಂಸ್ಥೆಯು ತನ್ನ ಚಾಲಕರಿಗೆ ಮನೆಯಿಂದ ಡಿಪೋಗೂ ಡಿಪೋದಿಂದ ಮನೆಗೂ ತನ್ನ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುವ ಸೌಲಭ್ಯವನ್ನು ಕೊಟ್ಟಿತ್ತು. ವಿಸ್ತಾರವಾದ ಈ ನಗರದಲ್ಲಿ ಚಾಲಕನು ಹೊತ್ತಿಗೆ ಸರಿಯಾಗಿ ಡಿಪೋ ತಲುಪದಿದ್ದರೆ ಬಸ್ಸು ಹೊರಡುವುದಿಲ್ಲ. ಆದ್ದರಿಂದ ಆ ಸೌಲಭ್ಯವು ಸಂಸ್ಥೆಯ ಸೇವೆ ಸುಗಮವಾಗಿ ನಡೆಯಲೆಂದೇ ಇತ್ತು. ಅದನ್ನು ಚಾಲಕನು ಯಾರ ಕೃಪೆಯಿಂದಲೂ ಪಡೆಯದೆ ತನ್ನ ಹಕ್ಕಾಗಿ ಪಡೆದಿದ್ದನು. ಕಾರ್ಖಾನೆಗೆ ನಾಲ್ಕು ಗೋಡೆಗಳಿರುತ್ತವೆ, ಅವುಗಳೊಳಗೆ ಆದುದು ಕೆಲಸದ ಸ್ಥಳದಲ್ಲಿ ಆದದ್ದು ಎಂದು ಹೇಳಬಹುದು. ನಗರ ಸಾರಿಗೆಗೆ ಅಂತಹ ಗೋಡೆಗಳಿಲ್ಲವಾದ್ದರಿಂದ ಅದರ ಬಸ್ಸುಗಳ ಸಮೂಹವೆಲ್ಲವೂ ಕೆಲಸದ ಆವರಣವೇ ಎಂದು ನ್ಯಾಯಾಲಯವು ಕಂಡಿತು. ಕೆಲಸದ ಗಡಿಯನ್ನು ಸ್ಥಳ ಮತ್ತು ಕಾಲಗಳಲ್ಲಿ ಹೀಗೆ ಸ್ವಲ್ಪ ಮುಂದಕ್ಕೆ ಒಯ್ಯುವುದನ್ನು ಕಾನೂನಿನಲ್ಲಿ ಉದ್ಯೋಗದ ಕಾಲ್ಪನಿಕ ವಿಸ್ತರಣೆ ಎನ್ನುತ್ತಾರೆ.

ಭಿನ್ನಮತವೂ ಗಮನಿಸತಕ್ಕದ್ದೇ. ಡಿಪೋವನ್ನು ಬಿಟ್ಟ ಕ್ಷಣಕ್ಕೆ ಚಾಲಕನ ಕರ್ತವ್ಯವು ಮುಗಿಯಿತು, ಬಸ್ಸಿನಲ್ಲಿಯೇ ಹೋಗಬೇಕೆಂಬ ಕಟ್ಟಳೆಯೇನೂ ಅವನ ಮೇಲಿರಲಿಲ್ಲ ಎಂಬುದು ಅದರ ಸಾರ. ಇದಕ್ಕೂ ಮೊದಲು, 1958ರಲ್ಲಿ, ಸೌರಾಷ್ಟ್ರ ಸಾಲ್ಟ್ ಪ್ರಕರಣದಲ್ಲಿ ಇದೇ ಸರ್ವೋಚ್ಚ ನ್ಯಾಯಾಲಯವು ಕಾರ್ಮಿಕರ ಕುಟುಂಬಗಳಿಗೆ ಪರಿಹಾರವಿಲ್ಲವೆಂದಿತ್ತು. 1952ರಲ್ಲಿ ಪೋರಬಂದರಿನ ಬಳಿ ಉಪ್ಪಿನ ಕೆಲಸ ಮುಗಿಸಿ ದೋಣಿಯಲ್ಲಿ ಖಾರಿಯನ್ನು ದಾಟುತ್ತಿದ್ದವರು ದೋಣಿ ಮುಳುಗಿ ಸತ್ತಿದ್ದರು. ಅದು ಸಾರ್ವಜನಿಕರೂ ಬಳಸುವ ಹಾದಿ, ಕೆಲಸದ ಗಡಿ ಅಲ್ಲಿಯವರೆಗೆ ಚಾಚುವುದಿಲ್ಲ ಎಂದು ತೀರ್ಪಾಯಿತು. ಎರಡು ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ವ್ಯತ್ಯಾಸವು ತಿಳಿಯುತ್ತದೆ. ಬೆಸ್ಟ್ ಪ್ರಕರಣದಲ್ಲಿ ಉಚಿತ ಪ್ರಯಾಣದ ಸೌಲಭ್ಯವು ದಾಖಲೆಯಲ್ಲಿತ್ತು. ವಿಧವೆಯ ದುಃಖದ ಜೊತೆಗೆ ಆ ದಾಖಲೆಯೂ ನ್ಯಾಯಾಲಯದ ಮುಂದಿತ್ತು.

ಜೋಗೇಶ್ವರಿಯ ಪ್ರಕರಣವು ಮರಣಕ್ಕೆ ಸಂಬಂಧಿಸಿದ್ದು. ಅಂಗವೈಕಲ್ಯಕ್ಕೂ ಇದೇ ಪದಗಳು ಅನ್ವಯಿಸುತ್ತವೆ. ಕೈಯೋ ಕಾಲೋ ಕಣ್ಣೋ ಹೋದವನು ಕೂಡ ಉದ್ಯೋಗದ ಕಾರಣದಿಂದ, ಉದ್ಯೋಗದ ಅವಧಿಯಲ್ಲಿ ಎಂಬ ಬಾಗಿಲನ್ನೇ ದಾಟಬೇಕು. ಆ ಬಾಗಿಲಲ್ಲಿ ತಡೆಯಲ್ಪಟ್ಟವನೊಬ್ಬನ ಪ್ರಕರಣವು ಕೇರಳದ್ದು. 1971ರ ಜೂನ್ 26ರಂದು ಕಾರ್ಮಿಕನೊಬ್ಬ ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೋಗುತ್ತಿದ್ದನು. ಪಾಳಿ ಆರಂಭವಾಗುವುದು 4 ಗಂಟೆ 30 ನಿಮಿಷಕ್ಕೆ. 4 ಗಂಟೆ 15 ನಿಮಿಷಕ್ಕೆ, ಕಾರ್ಖಾನೆಯು ಇನ್ನೂ ಒಂದು ಕಿಲೋಮೀಟರ್ ದೂರವಿರುವಾಗ, ಅದೇ ಕಾರ್ಖಾನೆಯ ಮಾಲೀಕರ ಲಾರಿಯೊಂದು ಅವನಿಗೆ ಬಡಿಯಿತು. ಕೊರಳ ಬಳಿಯ ಎಲುಬು ಮುರಿಯಿತು. ಇ.ಎಸ್.ಐ. ಕಾಯ್ದೆಯಡಿ ಅವನು ಅಂಗವೈಕಲ್ಯ ಪ್ರಯೋಜನವನ್ನು ಕೇಳಿದನು. ನೌಕರರ ವಿಮಾ ನ್ಯಾಯಾಲಯವು ಕೊಡತಕ್ಕದ್ದೆಂದಿತು, ಕೇರಳ ಉಚ್ಚ ನ್ಯಾಯಾಲಯವೂ ಒಪ್ಪಿತು. ಇ.ಎಸ್.ಐ. ನಿಗಮವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಮೊದಲು ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತವಾಗಲಿಲ್ಲ. ಮೂವರ ಪೀಠವು 1996ರ ಸೆಪ್ಟೆಂಬರ್ 11ರಂದು ಕಾರ್ಮಿಕನ ವಿರುದ್ಧ ತೀರ್ಪಿತ್ತಿತು. ಕಾರ್ಖಾನೆಯನ್ನು ತಲುಪುವ ಮುನ್ನ ಸಾರ್ವಜನಿಕ ರಸ್ತೆಯಲ್ಲಿ ಆದ ಅಪಘಾತವು ಉದ್ಯೋಗದ ಅಪಘಾತವಲ್ಲವೆಂಬುದೇ ಅದರ ನಿರ್ಣಯ. ಹದಿನೈದು ನಿಮಿಷ ಮತ್ತು ಒಂದು ಕಿಲೋಮೀಟರ್; ಇಷ್ಟನ್ನು ಅಳೆಯಲು ಇಪ್ಪತ್ತೈದು ವರ್ಷಗಳು ಹಿಡಿದವು. ಕೆಳಗಿನ ಎರಡು ಹಂತಗಳಲ್ಲಿ ಗೆದ್ದವನು ಕೊನೆಯ ಹಂತದಲ್ಲಿ ಸೋತನು.

‘ಫ್ರಾನ್ಸಿಸ್ ಡಿಕೋಸ್ಟಾ’ ಪ್ರಕರಣವೆಂದು ಹೆಸರಾದ ಆ ತೀರ್ಪಿನ ನೆರಳು ಬಹುಕಾಲ ಉಳಿಯಿತು. ಸಂಸತ್ತು 2010ರಲ್ಲಿ ಇ.ಎಸ್.ಐ. ಕಾಯ್ದೆಗೆ 51-ಇ ಎಂಬ ಸೆಕ್ಷನ್ನನ್ನು ಸೇರಿಸಿತು. ಅದು ಆ ವರ್ಷದ ಜೂನ್ 1ರಿಂದ ಜಾರಿಗೆ ಬಂದಿತು. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತವನ್ನೂ ಉದ್ಯೋಗದ ಅಪಘಾತವೆಂದು ಭಾವಿಸತಕ್ಕದ್ದು. ಆದರೆ ಸಂದರ್ಭ, ಕಾಲ, ಸ್ಥಳ ಈ ಮೂರಕ್ಕೂ ಉದ್ಯೋಗಕ್ಕೂ ಸಂಬಂಧವಿದೆಯೆಂದು ಸ್ಥಾಪಿತವಾಗಬೇಕು. ಈ ಮೂರು ಪದಗಳನ್ನು ಪ್ರತಿಯೊಂದು ಕುಟುಂಬವೂ ನೆನಪಿನಲ್ಲಿಡುವುದು ಒಳಿತು.

ಇ.ಎಸ್.ಐ. ವ್ಯಾಪ್ತಿಯ ಹೊರಗಿರುವವರ ಗತಿಯೇನು ಎಂಬ ಪ್ರಶ್ನೆಗೆ ಉತ್ತರವು 2025ರ ಜುಲೈ 29ರಂದು ದೊರೆಯಿತು. ಆ ಪ್ರಕರಣವೂ ಮಹಾರಾಷ್ಟ್ರದ್ದೇ. ಇಂದು ಧಾರಾಶಿವ ಎನಿಸಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆಯ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರ ಏಪ್ರಿಲ್ 22ರಂದು ನಸುಕಿನ 3 ಗಂಟೆಯ ಪಾಳಿಗೆ ಮೋಟಾರ್ ಸೈಕಲ್ಲಿನಲ್ಲಿ ಹೊರಟು, ಕಾರ್ಖಾನೆಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ ಅಪಘಾತದಲ್ಲಿ ಮಡಿದನು. ಆಯುಕ್ತರು ಕುಟುಂಬಕ್ಕೆ ₹3,26,140 ಮತ್ತು ಶೇ. 12ರ ಬಡ್ಡಿಯನ್ನು ವಿಧಿಸಿದರು. 2011ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಮನೋಜ್ ಮಿಶ್ರಾ ಮತ್ತು ನ್ಯಾಯಮೂರ್ತಿ ಕೆ.ವಿ. ವಿಶ್ವನಾಥನ್ ಅವರು ಆಯುಕ್ತರ ಆದೇಶವನ್ನು ಪುನಃಸ್ಥಾಪಿಸಿದರು. 51-ಇ ಸೆಕ್ಷನ್ನು ಹೊಸ ಹಕ್ಕನ್ನು ಸೃಷ್ಟಿಸಿಲ್ಲ, ಮೊದಲೇ ಇದ್ದ ಅರ್ಥವನ್ನು ಸ್ಪಷ್ಟಪಡಿಸಿದೆ. ಆದುದರಿಂದ ಹಿಂದಿನ ಅಪಘಾತಗಳಿಗೂ ಅದು ಸಲ್ಲುತ್ತದೆ. 1923ರ ಕಾಯ್ದೆಯ ಅವೇ ಪದಗಳಿಗೂ ಅದೇ ಅರ್ಥವನ್ನು ಕೊಡಬೇಕು ಎಂದು ಅವರು ತೀರ್ಮಾನಿಸಿದರು. ನಸುಕಿನ ಹೊತ್ತಿನಲ್ಲಿ, ಪಾಳಿಗೆ ಸ್ವಲ್ಪವೇ ಮುಂಚೆ, ಕಾರ್ಖಾನೆಯತ್ತ ಹೋಗುತ್ತಿದ್ದವನು ಬೇರೆಲ್ಲಿಗೆ ಹೊರಟಿದ್ದಾನು? ಇಲ್ಲಿಯೂ ಗೆಲ್ಲಿಸಿದ್ದು ಸಂದರ್ಭ, ಕಾಲ, ಸ್ಥಳಗಳೇ.

ಬಾಗಿಲು ದಾಟಿದ ಮೇಲೆ ಇನ್ನೊಂದು ತಕರಾರು ಕಾದಿರುತ್ತದೆ. ವೈಕಲ್ಯವು ಎಷ್ಟು? ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಗಾಯಗಳಿಗೆ ಶೇಕಡಾವಾರು ಪಟ್ಟಿಯಿದೆ. ಹೆಬ್ಬೆರಳು ಹೋದರೆ ಶೇ. 30, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ಶೇ. 40. ಈ ಪಟ್ಟಿಯೇ ಕೊನೆಯ ಮಾತೆಂದು ವಿಮಾ ಕಂಪನಿಗಳು ವಾದಿಸುತ್ತವೆ. ಆದರೆ ಬಡಗಿಯೊಬ್ಬನ ಎಡಗೈಯನ್ನು ಕತ್ತರಿಸಬೇಕಾಗಿ ಬಂದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳ ಪೀಠವು, ಒಂದೇ ಕೈಯಿಂದ ಬಡಗಿಯ ಕೆಲಸವು ಆಗದಾದ್ದರಿಂದ ಅವನ ಪಾಲಿಗೆ ಅದು ಸಂಪೂರ್ಣ ವೈಕಲ್ಯವೇ ಎಂದ ಆಯುಕ್ತರ ನಿರ್ಣಯವನ್ನು ಎತ್ತಿಹಿಡಿಯಿತು. ಪರಿಹಾರವು ಅಪಘಾತವಾದ ದಿನವೇ ಸಲ್ಲಬೇಕಾದ ಬಾಕಿಯಾಗುತ್ತದೆ ಎಂದೂ ಹೇಳಿತು. ‘ಪ್ರತಾಪ್ ನಾರಾಯಣ್ ಸಿಂಗ್ ದೇವ್ ವಿರುದ್ಧ ಶ್ರೀನಿವಾಸ ಸಬತ’ ಎಂಬ ಈ ತೀರ್ಪಿನ ಪ್ರಕಾರ ದೇಹವು ಎಷ್ಟು ಕಳೆದುಕೊಂಡಿತು ಎಂಬುದಕ್ಕಿಂತ ಆ ವ್ಯಕ್ತಿಯ ದುಡಿಮೆ ಎಷ್ಟು ಕಳೆದುಹೋಯಿತು ಎಂಬುದು ಮುಖ್ಯ.

ಲೆಕ್ಕವನ್ನೂ ಒಮ್ಮೆ ನೋಡಬೇಕು. 1923ರ ಕಾಯ್ದೆಯಡಿ ಶಾಶ್ವತ ಸಂಪೂರ್ಣ ವೈಕಲ್ಯಕ್ಕೆ ತಿಂಗಳ ವೇತನದ ಶೇ. 60ನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. 40 ವರ್ಷದವನಿಗೆ ಆ ಗುಣಕ 184.17. ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿಯನ್ನು 2020ರ ಜನವರಿ 3ರ ಅಧಿಸೂಚನೆಯು ₹15,000 ಎಂದು ಗೊತ್ತುಪಡಿಸಿತು. ಅದರ ಶೇ. 60 ಎಂದರೆ ₹9,000, ಗುಣಿಸಿದರೆ ₹16,57,530. ಹೆಬ್ಬೆರಳು ಕಳೆದುಕೊಂಡವನಿಗೆ ಇದರ ಶೇ. 30, ಅಂದರೆ ₹4,97,259. ಒಂದು ತಿಂಗಳೊಳಗೆ ಸಲ್ಲಿಸದಿದ್ದರೆ ವರ್ಷಕ್ಕೆ ಶೇ. 12ರ ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಶೇ. 50ರವರೆಗೆ ದಂಡ. ಎರಡು ವರ್ಷ ತಡವಾದರೆ ಹೆಬ್ಬೆರಳಿನ ಮೊತ್ತಕ್ಕೆ ಬಡ್ಡಿಯೇ ₹1,19,342 ಆಗುತ್ತದೆ. ಇ.ಎಸ್.ಐ. ಸದಸ್ಯನಿಗೆ ಬೇರೆಯ ದಾರಿ: ಕೆಲಸಕ್ಕೆ ಹೋಗಲಾಗದ ಕಾಲಕ್ಕೆ ವೇತನದ ಸುಮಾರು ಶೇ. 90ರಷ್ಟು ಭತ್ಯೆ, ಶಾಶ್ವತ ವೈಕಲ್ಯಕ್ಕೆ ಕಳೆದುಹೋದ ದುಡಿಮೆಯ ಪ್ರಮಾಣದಲ್ಲಿ ಜೀವಮಾನಪರ್ಯಂತ ಸಂದಾಯ. ಇ.ಎಸ್.ಐ. ಪ್ರಯೋಜನಕ್ಕೆ ಅರ್ಹನಾದವನು ಅದೇ ಗಾಯಕ್ಕೆ 1923ರ ಕಾಯ್ದೆಯಡಿಯೂ ಕೇಳುವಂತಿಲ್ಲ.

ನಿರಾಕರಣೆಯ ಪತ್ರವು ಕೈಸೇರಿದಾಗ ಮಾಡತಕ್ಕದ್ದೇನು? ಇ.ಎಸ್.ಐ. ಕಾಯ್ದೆಯ ವ್ಯವಸ್ಥೆಯಲ್ಲಿ ವೈಕಲ್ಯದ ಪ್ರಮಾಣವನ್ನು ವೈದ್ಯಕೀಯ ಮಂಡಳಿಯು ನಿರ್ಧರಿಸುತ್ತದೆ. ಒಪ್ಪದವನು ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ, ಇಲ್ಲವೇ ನೇರವಾಗಿ ನೌಕರರ ವಿಮಾ ನ್ಯಾಯಾಲಯಕ್ಕೆ ಹೋಗಬಹುದು. ವಿಮಾ ನ್ಯಾಯಾಲಯಕ್ಕೆ ಅರ್ಜಿಯನ್ನು ಸಲ್ಲಿಸಲು ಮೂರು ವರ್ಷಗಳ ಅವಧಿಯಿದೆ. 1923ರ ಕಾಯ್ದೆಯಡಿ ಆಯುಕ್ತರ ಮುಂದೆ ಹೋಗಲು ಎರಡು ವರ್ಷ. ಇವೆರಡರಿಂದಲೂ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಉಂಟು, ಅವಧಿ 60 ದಿನ. ಮಾಲೀಕನು ಮೇಲ್ಮನವಿ ಹೂಡುವುದಾದರೆ ಪರಿಹಾರದ ಹಣವನ್ನು ಮೊದಲು ಆಯುಕ್ತರಲ್ಲಿ ಠೇವಣಿ ಇಡಬೇಕು. ಲೋಕಲ್ ರೈಲಿನಲ್ಲಿ ಬಿದ್ದು ಗಾಯಗೊಂಡವರಿಗೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಎಂಬ ಪ್ರತ್ಯೇಕ ವೇದಿಕೆಯೂ ಇದೆ. ಗಾಯಾಳುವಿನ ಬಳಿ ಟಿಕೆಟ್ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅಂತಹ ಅರ್ಜಿಯನ್ನು ತಳ್ಳಿಹಾಕುವಂತಿಲ್ಲವೆಂದು 2018ರ ರೀನಾ ದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ.

ಇಲ್ಲಿ ಬಹುಜನರು ಎಡವುವ ಒಂದು ಮಾತಿದೆ. ಉಚ್ಚ ನ್ಯಾಯಾಲಯದ ಮೇಲ್ಮನವಿಯು ಕಾನೂನಿನ ಮಹತ್ವದ ಪ್ರಶ್ನೆಗೆ ಸೀಮಿತವಾದುದು. ಅಪಘಾತವು ಎಷ್ಟು ಗಂಟೆಗೆ ಆಯಿತು, ಅವನು ಎಲ್ಲಿಗೆ ಹೊರಟಿದ್ದ, ವೇತನವೆಷ್ಟು ಎಂಬ ಸಂಗತಿಗಳು ಮೊದಲ ಹಂತದಲ್ಲಿಯೇ ಸ್ಥಿರವಾಗುತ್ತವೆ. ದೊಡ್ಡ ವಕೀಲರನ್ನು ಮುಂದೆ ಇಟ್ಟುಕೊಂಡರಾಯಿತು ಎಂದು ಮೊದಲ ಅರ್ಜಿಯನ್ನು ಹೇಗೋ ಬರೆಯುವವರು ಆಗಲೇ ಅರ್ಧ ಸೋತಿರುತ್ತಾರೆ. ಆದುದರಿಂದ ಅಪಘಾತವಾದ ವಾರದಲ್ಲಿಯೇ ಕಡತವನ್ನು ತೆರೆಯಬೇಕು. ಹಾಜರಿ ಪುಸ್ತಕದ ಪ್ರತಿ, ಪಾಳಿಯ ಪಟ್ಟಿ, ಕೆಲಸಕ್ಕೆ ಕರೆದ ಫೋನ್ ಸಂದೇಶ, ರೈಲ್ವೆ ಪಾಸ್, ಬ್ಯಾಂಕಿಗೆ ಬಂದ ಸಂಬಳದ ವಿವರ, ಪೊಲೀಸ್ ಪಂಚನಾಮೆ, ಆಸ್ಪತ್ರೆಯ ಮೊದಲ ದಾಖಲಾತಿ ಇವೆಲ್ಲವೂ ಅದರಲ್ಲಿ ಸೇರಬೇಕು. ಇ.ಎಸ್.ಐ. ಸದಸ್ಯನಾಗಿದ್ದರೆ ಅಪಘಾತ ಪುಸ್ತಕದಲ್ಲಿ, ಅಂದರೆ ನಮೂನೆ 11ರಲ್ಲಿ ದಾಖಲೆಯಾಗಿದೆಯೇ, ಮಾಲೀಕನು ನಮೂನೆ 12ರಲ್ಲಿ ವರದಿ ಕಳುಹಿಸಿದ್ದಾನೆಯೇ ಎಂದು ವಿಚಾರಿಸಬೇಕು. ಮೊದಲ ದಿನ ಆಸ್ಪತ್ರೆಯಲ್ಲಿ ‘ಮನೆಯ ಮೆಟ್ಟಿಲಲ್ಲಿ ಬಿದ್ದೆ’ ಎಂದು ಬರೆಸಿ, ಆರು ತಿಂಗಳ ಮೇಲೆ ‘ಗೋದಾಮಿನಲ್ಲಿ ಬಿದ್ದೆ’ ಎಂದರೆ ಯಾವ ನ್ಯಾಯಾಲಯವೂ ಸುಲಭವಾಗಿ ನಂಬದು.

ಹಾಗೆ ಬರೆಸುವವರು ಯಾರು? ಸಮಾಜದ ಆತ್ಮಪರೀಕ್ಷೆ ಇಲ್ಲಿಂದ ಆರಂಭವಾಗಬೇಕು. ಊರು ಬಿಟ್ಟು ಮುಂಬಯಿಗೆ ಬಂದ ಕನ್ನಡ ಜೈನ ಕುಟುಂಬಗಳಲ್ಲಿ ಕೆಲವರು ಅಂಗಡಿಯ ಗಲ್ಲೆಯ ಮೇಲೆ ಕುಳಿತವರು, ಕೆಲವರು ಅದೇ ಅಂಗಡಿಯಲ್ಲಿ ಮೂಟೆಯ ಲೆಕ್ಕ ಬರೆಯುವವರು. ಇಬ್ಬರೂ ಒಂದೇ ಬಸದಿಯಲ್ಲಿ ಕೈಮುಗಿಯುವವರು, ಒಂದೇ ಮದುವೆಯ ಪಂಕ್ತಿಯಲ್ಲಿ ಉಣ್ಣುವವರು. ಆಳಿಗೆ ಪೆಟ್ಟಾದಾಗ ಮಾಲೀಕನು ಆಸ್ಪತ್ರೆಯ ಬಿಲ್ಲು ಕಟ್ಟುತ್ತಾನೆ, ಕೈಗೊಂದಿಷ್ಟು ಹಣ ಕೊಡುತ್ತಾನೆ, ಇನ್ನೇನೂ ಬಾಕಿಯಿಲ್ಲವೆಂದು ಒಂದು ಕಾಗದಕ್ಕೆ ಸಹಿ ಮಾಡಿಸಿಕೊಳ್ಳುತ್ತಾನೆ. ಸಮಾಜದವರು ಚಂದಾ ಎತ್ತುತ್ತಾರೆ. ಎಲ್ಲವೂ ಸದುದ್ದೇಶದಿಂದಲೇ ನಡೆಯುತ್ತದೆ. ಆದರೆ ಕಾಯ್ದೆಯ 17ನೆಯ ಸೆಕ್ಷನ್ನಿನ ಪ್ರಕಾರ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದವು ಶೂನ್ಯ. 8ನೆಯ ಸೆಕ್ಷನ್ನಿನ ಪ್ರಕಾರ ಮರಣದ ಪರಿಹಾರವನ್ನೂ, ಸ್ತ್ರೀಗೆ ಸಲ್ಲಬೇಕಾದ ಇಡುಗಂಟನ್ನೂ ಆಯುಕ್ತರಲ್ಲಿಯೇ ಠೇವಣಿ ಇಡಬೇಕು. ಹೀಗೆ ಕೈಯಿಂದ ಕೈಗೆ ಕೊಟ್ಟ ಮಾಲೀಕನ ಋಣವೂ ತೀರುವುದಿಲ್ಲ, ಪಡೆದವನ ಹಕ್ಕೂ ಈಡೇರುವುದಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಈ ಸಮಾಜವು ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ. ಅದರ ಹಿರಿಮೆಯನ್ನು ಯಾರೂ ಕಡಿಮೆ ಮಾಡಲಾರರು. ಆದರೂ ನ್ಯಾಯವಾಗಿ ಸಲ್ಲಬೇಕಾದ ಬಾಕಿಯನ್ನು ದಾನವೆಂದು ಕೊಟ್ಟರೆ ಪಡೆಯುವವನು ತಲೆ ತಗ್ಗಿಸಿ ಪಡೆಯುತ್ತಾನೆ, ಕೊಡುವವನು ಲೆಕ್ಕಕ್ಕೆ ಸಿಗದ ಪುಣ್ಯವನ್ನು ಬರೆದುಕೊಳ್ಳುತ್ತಾನೆ. ತಿಂಗಳಿಗೆ ₹20,000 ಸಂಬಳದ ನೌಕರನಿಗೆ ಇ.ಎಸ್.ಐ. ವಂತಿಗೆಯು ಮಾಲೀಕನಿಂದ ಶೇ. 3.25ರಂತೆ ₹650, ನೌಕರನಿಂದ ಶೇ. 0.75ರಂತೆ ₹150. ಈ ₹650ನ್ನು ಉಳಿಸಲೆಂದು ಹಾಜರಿ ಪುಸ್ತಕದಲ್ಲಿ ಹೆಸರುಗಳನ್ನು ಕಡಿಮೆ ತೋರಿಸುವವನು, ಅಪಘಾತದ ದಿನ ಲಕ್ಷಗಳ ಹೊಣೆಯನ್ನು ತನ್ನ ಮೇಲೆಯೇ ಎಳೆದುಕೊಳ್ಳುತ್ತಾನೆ.

ಸರ್ಕಾರದ ಹೊಣೆಯನ್ನೂ ಮರೆಯಬಾರದು. 1923 ಮತ್ತು 1948ರ ಈ ಎರಡು ಕಾಯ್ದೆಗಳ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹೋಗಿಬರುವ ದಾರಿಯ ಅಪಘಾತವನ್ನು ಅದು ಒಳಗೊಂಡಿರುವುದು ಸ್ವಾಗತಾರ್ಹ. ಅಪಘಾತದ ದಿನ ಯಾವ ಕಾನೂನು ಜಾರಿಯಲ್ಲಿತ್ತೆಂಬುದನ್ನು ಅರ್ಜಿದಾರರು ಮೊದಲು ನೋಡಿಕೊಳ್ಳಬೇಕು. ಆದರೆ ಕಾಯ್ದೆಯ ಹೆಸರು ಬದಲಾದ ಮಾತ್ರಕ್ಕೆ ವೇತನಮಿತಿಯ ಸಮಸ್ಯೆಯು ತೀರಲಿಲ್ಲ. ಪರಿಹಾರದ ಲೆಕ್ಕದ ಮಿತಿಯು 2010ರಲ್ಲಿ ₹8,000 ಆದದ್ದು ₹15,000ಕ್ಕೆ ಏರಲು 2020 ಬರಬೇಕಾಯಿತು. ಆ ಮಿತಿಯಿರುವಾಗ ಈ ನಗರದಲ್ಲಿ ₹30,000 ದುಡಿಯುವ 40 ವರ್ಷದ ಚಾಲಕನು ಎರಡೂ ಕೈಗಳನ್ನು ಕಳೆದುಕೊಂಡರೂ ಅವನ ಪರಿಹಾರವು ₹15,000 ದುಡಿಯುವವನ ಪರಿಹಾರದಷ್ಟೇ. ಇ.ಎಸ್.ಐ. ಸದಸ್ಯತ್ವದ ₹21,000ದ ಮಿತಿಯೂ 2017ರ ಜನವರಿಯಲ್ಲಿ ಗೊತ್ತಾದದ್ದು. ಬೆಲೆಗಳು ವರ್ಷವರ್ಷವೂ ಏರುವಾಗ ಮಿತಿಗಳು ಮಾತ್ರ ದಶಕಕ್ಕೊಮ್ಮೆ ಕದಲುವುದು ನ್ಯಾಯವಲ್ಲ. ಇವುಗಳನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸಬೇಕೆಂದು ಮತ ಕೇಳಲು ಬಂದ ಪ್ರತಿಯೊಬ್ಬರನ್ನೂ ಒತ್ತಾಯಿಸಬೇಕು.

ಸಮಾಜದ ಸಂಘಗಳು ಮಾಡಬಹುದಾದ ಕಾರ್ಯವೂ ದೊಡ್ಡದೇನಲ್ಲ. ತಿಂಗಳಿಗೊಂದು ಭಾನುವಾರ, ಒಬ್ಬ ವಕೀಲರು, ಲೆಕ್ಕ ಬಲ್ಲ ಒಬ್ಬರು, ಒಬ್ಬ ವೈದ್ಯರು ಎರಡು ಗಂಟೆ ಕುಳಿತರೆ ಸಾಕು. ನಿರಾಕರಣೆಯ ಪತ್ರವನ್ನು ಓದಿ ಹೇಳುವುದು, ಅವಧಿಯ ಕೊನೆಯ ದಿನವನ್ನು ಗುರುತಿಸಿ ಕೊಡುವುದು, ಕಡತವನ್ನು ಜೋಡಿಸಿಕೊಡುವುದು ಇಷ್ಟೇ ಕೆಲಸ. ಬಹುಪಾಲು ಹಕ್ಕುಗಳು ಕಾನೂನಿನ ಕೊರತೆಯಿಂದ ಕೆಡುವುದಕ್ಕಿಂತ ಹೆಚ್ಚಾಗಿ, ಗಡಿ ಮೀರಿದ ತಾರೀಖಿನಿಂದ ಕೆಡುತ್ತವೆ.

1957ರ ಆ ಸಂಜೆ ಜೋಗೇಶ್ವರಿ ಡಿಪೋದಿಂದ ಹೊರಟವನು ಮನೆಯನ್ನು ತಲುಪಲಿಲ್ಲ. ಅವನ ಪತ್ನಿಯ ಅರ್ಜಿಯು ಆಯುಕ್ತರಲ್ಲಿ ಸೋತು, ಉಚ್ಚ ನ್ಯಾಯಾಲಯದಲ್ಲಿ ಗೆದ್ದು, ಸರ್ವೋಚ್ಚ ನ್ಯಾಯಾಲಯದಲ್ಲಿ ಸ್ಥಿರಗೊಳ್ಳಲು ಸುಮಾರು ಆರು ವರ್ಷಗಳು ಬೇಕಾದವು. ಮೊದಲ ನಿರಾಕರಣೆಯನ್ನು ಹಣೆಬರಹವೆಂದು ಒಪ್ಪಿ ಅವಳು ಸುಮ್ಮನಾಗಿದ್ದರೆ, ಈ ರಸ್ತೆಯಲ್ಲಿ ದಿನವೂ ಕೆಲಸಕ್ಕೆ ಹೋಗಿಬರುವ ಸಾವಿರಾರು ಜನರಿಗೆ ಆಧಾರವಾದ ತೀರ್ಪು ಹುಟ್ಟುತ್ತಲೇ ಇರಲಿಲ್ಲ. ಮನೆಯಲ್ಲಿ ಯಾರಿಗಾದರೂ ಇಂತಹ ಪತ್ರವು ಬಂದಿದ್ದರೆ, ಅದರ ಮೇಲಿನ ತಾರೀಖನ್ನು ಇಂದು ರಾತ್ರಿಯೇ ನೋಡಿಕೊಳ್ಳುವುದು.

ಜೈ ಜಿನೇಂದ್ರ.